ಮೈಕ್ರಾನಿನ ಜಗಳ

ಅಳತೆಯ ವಿಷಯಕ್ಕೆ ಬಡಗಿಗಳು ಜಗಳವಾಡಿದ್ದನ್ನು ನಾನು ಕಂಡದ್ದು ಕಡಿಮೆ. ಟೇಪು ಎಳೆದು ‘ಎರಡಡಿ ಮೂರಿಂಚು ಒಂದು ನೂಲು’ ಅಂದರೆ ಮೇಸ್ತ್ರಿ ಒಪ್ಪುತ್ತಾನೆ, ಮನೆ ಯಜಮಾನನೂ ಒಪ್ಪುತ್ತಾನೆ. ಮಳೆಗಾಲದಲ್ಲಿ ಬಾಗಿಲೊಂದು ಒಪ್ಪುವುದಿಲ್ಲ, ಅಷ್ಟೆ. ಪೀಣ್ಯದ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಮೋಲ್ಡ್ ಮಾಡುತ್ತಲೇ ತಲೆ ನರೆಸಿಕೊಂಡ ನಮ್ಮಂಥವರಿಗೆ ಆ ನೆಮ್ಮದಿ ಇಲ್ಲ. ಅಳತೆ ಸೂಕ್ಷ್ಮವಾದಷ್ಟೂ ಒಮ್ಮತ ದೂರ ಎಂಬುದು ಟೂಲ್‌ರೂಮು ನನಗೆ ಕಲಿಸಿದ ವೇದಾಂತ. ಟೇಪಿಗೆ ಒಂದೇ ಅಭಿಪ್ರಾಯ. ವರ್ನಿಯರ್‌ಗೆ ಎರಡು. ಮೈಕ್ರೋಮೀಟರ್ ಬಂತೋ, ಎಷ್ಟು ಕೈಯೋ ಅಷ್ಟು ರೀಡಿಂಗು.

ವರ್ನಿಯರ್ ಪಟ್ಟಿಯನ್ನು 1631ರಲ್ಲಿ ಲೋಕಕ್ಕೆ ಕೊಟ್ಟವನು ಫ್ರಾನ್ಸಿನ ಪಿಯರ್ ವರ್ನಿಯೆ. ದೊಡ್ಡ ಪಟ್ಟಿಯ ಪಕ್ಕದಲ್ಲಿ ಪುಟ್ಟದೊಂದು ಪಟ್ಟಿ ಜಾರುತ್ತದೆ. ಎರಡರ ಗೆರೆಗಳು ಎಲ್ಲಿ ನೇರ ಕೂಡುತ್ತವೋ ಅದೇ ಅಳತೆ. ಆದರೆ 0.02 ಮಿ.ಮೀ. ವರ್ನಿಯರ್‌ನಲ್ಲಿ ಅಕ್ಕಪಕ್ಕದ ಮೂರು ಗೆರೆಗಳು ಕೂಡಿದ ಹಾಗೇ ಕಾಣುತ್ತವೆ. ಚಾಳೀಸು ಬಂದವರಿಗೆ ಒಂದು ಗೆರೆ, ಚಾಳೀಸು ಬಂದರೂ ಒಪ್ಪಿಕೊಳ್ಳದವರಿಗೆ ಇನ್ನೊಂದು. ಡಿಜಿಟಲ್ ವರ್ನಿಯರ್ ಬಂದ ಮೇಲೆ ಕಣ್ಣಿನ ಜಗಳ ನಿಂತಿತು. ಅದರ ಜಾಗಕ್ಕೆ ‘ಝೀರೋ ಮಾಡ್ಕೊಂಡಿದ್ದೇನಯ್ಯಾ?’ ಎಂಬ ಜಗಳ ಬಂತು.

ಮೈಕ್ರೋಮೀಟರ್‌ದು ಬೇರೆ ಗತ್ತು. ಅದರ ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿ.ಮೀ. ನಡೆಯುತ್ತದೆ, ತಿರುಗುವ ತಿಂಬಲ್ ಮೇಲೆ ಐವತ್ತು ಗೆರೆ, ಹಾಗಾಗಿ ಗೆರೆಗೆ 0.01. ಹಿಂಬದಿಯ ರ್‍ಯಾಚೆಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿ, ಟಿಕ್ ಟಿಕ್ ಟಿಕ್ ಅಂದಾಗ ನಿಲ್ಲಿಸಬೇಕು. ಐಟಿಐ ಮುಗಿಸಿ ಹೊಸದಾಗಿ ಬಂದ ಹುಡುಗ ರ್‍ಯಾಚೆಟ್ ಬಿಟ್ಟು ತಿಂಬಲ್ಲನ್ನೇ ಹಿಡಿದು ಬಿಗಿಯುತ್ತಾನೆ.

‘ಸಾರ್, 19.98.’

ಪಕ್ಕದ ಫಿಟ್ಟರಣ್ಣ ಅದೇ ಪಿನ್ನನ್ನು ಹೂವಿನ ಹಾಗೆ ಮುಟ್ಟಿ, ‘20.00’ ಅನ್ನುತ್ತಾನೆ.

‘ಪಿನ್ನಿನ ಉಸಿರು ಕಟ್ಟಿಸಿ ಅಳೀತೀಯಲ್ಲೋ, ಅದೇನು ಸಿ-ಕ್ಲ್ಯಾಂಪಾ?’ ಎಂದು ಫೋರ್‌ಮನ್ ಬೀಗ ತೆಗೆದು, ಡ್ರಾಯರ್ ಎಳೆದು, ಮರದ ಪೆಟ್ಟಿಗೆ ಬಿಚ್ಚಿ, ಹಳದಿ ಬಟ್ಟೆ ಸರಿಸಿ, ತಮ್ಮ ಸ್ವಂತ ಮೈಕ್ರೋಮೀಟರ್ ಹೊರಗೆ ತೆಗೆಯುತ್ತಾರೆ. 19.99! ಈಗ ಮೂರು ಪಕ್ಷಗಳಾದವು. ಫೋರ್‌ಮನ್ ಪಕ್ಷಕ್ಕೆ ಬಹುಮತ ಬೇಕಿಲ್ಲ, ಹುದ್ದೆ ಸಾಕು. ಅವರು ಪೆಟ್ರೋಲ್ ಹಾಕಿಸಿ ಸ್ಕೂಟರ್ ಬೇಕಾದರೂ ಕೊಟ್ಟಾರು, ಆ ಮೈಕ್ರೋಮೀಟರನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡರು.

ಈ ಬಗೆಯ ವ್ಯಾಜ್ಯಗಳಿಗೆ ಸುಪ್ರೀಂ ಕೋರ್ಟು ಸ್ಲಿಪ್ ಗೇಜು. ಸ್ವೀಡನ್ನಿನ ಬಂದೂಕು ಕಾರ್ಖಾನೆಯಲ್ಲಿದ್ದ ಕಾರ್ಲ್ ಎಡ್ವರ್ಡ್ ಯೋಹಾನ್ಸನ್‌ಗೆ 1896ರಲ್ಲಿ ಹೊಳೆದ ಉಪಾಯವಿದು. ಸಾವಿರಾರು ಅಳತೆಗೆ ಸಾವಿರಾರು ಗೇಜು ಯಾಕೆ, ಲೆಕ್ಕ ಹಾಕಿ ಮಾಡಿದ ನೂರು ಚಿಲ್ಲರೆ ಉಕ್ಕಿನ ತುಂಡುಗಳನ್ನು ಬೇಕಾದ ಹಾಗೆ ಜೋಡಿಸಿದರೆ ಸಾಲದೇ ಎಂದು ಅವನ ವಾದ. ಅವುಗಳನ್ನು ತಿಕ್ಕಿ ನುಣುಪು ಮಾಡಲು ಮನೆಯ ಹೊಲಿಗೆ ಯಂತ್ರವನ್ನೇ ಮಾರ್ಪಡಿಸಿಕೊಂಡನಂತೆ. ಆ ಮನೆಯಲ್ಲಿ ಆಗ ಬಟ್ಟೆ ಎಲ್ಲಿ ಹೊಲಿಸಿದರು ಎಂಬುದನ್ನು ಚರಿತ್ರೆಕಾರರು ಗಂಡಸರಾದ್ದರಿಂದ ಬರೆದಿಡಲಿಲ್ಲ. ಎರಡು ಸ್ಲಿಪ್ಪನ್ನು ಒರೆಸಿ, ಒಂದರ ಮೇಲೊಂದು ಅಡ್ಡ ಇಟ್ಟು, ಒತ್ತಿ ತಿರುಗಿಸಿದರೆ ಅಂಟಿಲ್ಲದೆ, ಅಯಸ್ಕಾಂತವಿಲ್ಲದೆ ಕಚ್ಚಿಕೊಳ್ಳುತ್ತವೆ. ಹೊಸ ಹುಡುಗರು ಮೊದಲ ಸಲ ನೋಡಿದಾಗ ಕೆಳಗಿನ ತುಂಡು ಯಾವಾಗ ಬೀಳುತ್ತದೋ ಎಂದು ಅಂಗೈ ಒಡ್ಡಿ ನಿಲ್ಲುತ್ತಾರೆ.

ಸುಪ್ರೀಂ ಕೋರ್ಟಿನ ತೀರ್ಪಿಗೂ ತಕರಾರು ಇದ್ದೇ ಇದೆ: ‘ಟೆಂಪರೇಚರ್ ಎಷ್ಟಿತ್ತು?’ ಜಗತ್ತಿನ ಉದ್ದಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಒಪ್ಪಿಕೊಂಡವು. ಒಂದು ಮೀಟರ್ ಉಕ್ಕು ಡಿಗ್ರಿಗೆ ಸುಮಾರು 11.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದ ಒಂದು ಭಾಗ) ಹಿಗ್ಗುತ್ತದೆ. ಗೇಜೂ ಅಳೆಯಬೇಕಾದ ಜಾಬೂ ಒಂದೇ ಸೆಕೆಯಲ್ಲಿ ಬೆಂದರೆ ಇಬ್ಬರೂ ಒಟ್ಟಿಗೆ ಹಿಗ್ಗುವುದರಿಂದ ಬಚಾವು. ಗೇಜು ಏಸಿ ರೂಮಿನದು, ನೂರು ಮಿ.ಮೀ. ಜಾಬು ಆಗತಾನೇ ಗ್ರೈಂಡಿಂಗ್‌ನಿಂದ ಇಳಿದು ಹತ್ತು ಡಿಗ್ರಿ ಬಿಸಿ ಇದ್ದರೆ, ಯಾರೂ ಮುಟ್ಟದೆಯೇ ಹನ್ನೊಂದು ಚಿಲ್ಲರೆ ಮೈಕ್ರಾನ್ ವ್ಯತ್ಯಾಸ. ಆದ್ದರಿಂದ ಜಾಬನ್ನು ಏಸಿ ರೂಮಿನಲ್ಲಿ ಕೆಲವು ಗಂಟೆ ಮಲಗಿಸಬೇಕು. ಏಪ್ರಿಲ್ ಬಂದರೆ ನಮ್ಮ ಶೆಡ್ಡಿನಲ್ಲಿ ನಿಖರತೆಯ ಶ್ರದ್ಧೆ ಉಕ್ಕಿ ಹರಿಯುತ್ತದೆ. ಬೋಲ್ಟು, ವಾಶರ್ ಹಿಡಿದವರೂ ‘ಜಾಬು ತಣಿಯಲಿ ಸಾರ್’ ಎನ್ನುತ್ತ ಏಸಿ ರೂಮಿನಲ್ಲಿ ಜಾಬಿನ ಜೊತೆಗೆ ತಾವೂ ತಣಿಯುತ್ತಾರೆ.

ಇಷ್ಟೆಲ್ಲ ಮಾಡಿದ ಮೋಲ್ಡಿಗೆ ಕೊನೆಗೆ ತುಂಬುವುದು ಪಾಲಿಪ್ರೊಪಿಲೀನನ್ನು. ಅದು ತಣ್ಣಗಾಗುವಾಗ ಶೇಕಡ ಒಂದೂವರೆಯಿಂದ ಎರಡರವರೆಗೆ ಕುಗ್ಗುತ್ತದೆ; ಎಷ್ಟು ಎಂಬುದು ಪ್ರೆಶರ್ರು, ಕೂಲಿಂಗ್ ಮೇಲೆ. ನೂರು ಮಿ.ಮೀ. ಮುಚ್ಚಳದಲ್ಲಿ ಈ ‘ವರೆಗೆ’ ಒಂದೇ ಅರ್ಧ ಮಿ.ಮೀ.! ಹಾಗಾದರೆ ನೂರರ ಒಂದು ಭಾಗಕ್ಕೆ ನಾವು ಹೊಡೆದಾಡಿದ್ದೇಕೆ? ಮುಚ್ಚಳದ ಒಳಮೈ ರೂಪಿಸುವ ಕೋರೂ ಹೊರಮೈ ರೂಪಿಸುವ ಕ್ಯಾವಿಟಿಯೂ ಕೂಡುವ ಪಾರ್ಟಿಂಗ್ ಲೈನಿನಲ್ಲಿ ಮಿ.ಮೀ.ಯ ನೂರರಲ್ಲಿ ಎರಡು ಮೂರು ಭಾಗದಷ್ಟು ಸಂದಿ ಸಿಕ್ಕರೂ ಕರಗಿದ ಪ್ಲಾಸ್ಟಿಕ್ ಅಲ್ಲಿಂದ ತಲೆ ಹಾಕುತ್ತದೆ. ಮುಚ್ಚಳದ ಅಂಚಿನಲ್ಲಿ ಬೆರಳು ಕೊಯ್ಯುವ ಆ ಪೊರೆಯೇ ಫ್ಲ್ಯಾಶು. ಅದಕ್ಕೇ ಒಂದು ಮುಖಕ್ಕೆ ಬ್ಲೂ ಹಚ್ಚಿ, ಇನ್ನೊಂದರ ಮೇಲೆ ಕೂಡಿಸಿ, ನೀಲಿ ಹತ್ತಿದ ಕಡೆ ಮಾತ್ರ ಕಲ್ಲಲ್ಲಿ ಉಜ್ಜುತ್ತ ಕೂರುವುದು. ಆ ಹೊತ್ತಿಗೆ ಫಿಟ್ಟರಣ್ಣನ ಕಿವಿಯೂ ನೀಲಿ.

ಟ್ರಯಲ್ ದಿನ ಗಿರಾಕಿ ಸಾಹುಕಾರರು ಬಂದರು. ಕ್ಯೂಸಿ ಹುಡುಗಿ ದಶಮಾಂಶ ತುಂಬಿದ ರಿಪೋರ್ಟನ್ನು ಎರಡೂ ಕೈಯಲ್ಲಿ ಕೊಟ್ಟಳು. ಅವರು ಅದನ್ನು ಮಡಿಸಿ ಗಾಳಿ ಹಾಕಿಕೊಳ್ಳುತ್ತ, ಮುಚ್ಚಳವನ್ನು ಡಬ್ಬಿಯ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದರು. ತೆಗೆದರು. ಮತ್ತೆ ಒತ್ತಿದರು.

‘ಸ್ವಲ್ಪ ಲೂಸು ಅನ್ಸುತ್ತಲ್ವಾ?’

‘ಹೌದು ಸಾರ್, ಸ್ವಲ್ಪ’ ಎಂದರು ಫೋರ್‌ಮನ್. ಫಿಟ್ಟರಣ್ಣ ತಲೆಯಾಡಿಸಿದ. ಐಟಿಐ ಹುಡುಗನೂ ಆಡಿಸಿದ. ಟೂಲ್‌ರೂಮಿನಲ್ಲಿ ಅಂಥ ಒಮ್ಮತವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕೋರಿನಿಂದ ಸ್ವಲ್ಪ ಉಕ್ಕು ತೆಗೆದರಾಯಿತು, ಮುಚ್ಚಳ ಬಿಗಿಯಾಗುತ್ತದೆ. ತೆಗೆಯುವುದು ಸುಲಭ, ಹೆಚ್ಚಾಗಿ ತೆಗೆದ ಉಕ್ಕನ್ನು ಮತ್ತೆ ಕೂಡಿಸುವುದೇ ಕಷ್ಟ.

ಸಾಹುಕಾರರ ಕಾರು ಗೇಟು ದಾಟಿತು. ‘ಸ್ವಲ್ಪ ಅಂದ್ರೆ ನೂರರಲ್ಲಿ ಐದು ಭಾಗ’ ಅಂದ ಫಿಟ್ಟರಣ್ಣ. ಫೋರ್‌ಮನ್ ಡ್ರಾಯರಿನ ಬೀಗಕ್ಕೆ ಕೈ ಹಾಕಿದರು.