ಮಜ್ಜಿಗೆಹುಳಿಯ ಗುಟ್ಟು

ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ನಾನು, ವೈಫೈಯನ್ನು ಮಾತ್ರ ವರ್ಷಗಟ್ಟಲೆ ಧರ್ಮಛತ್ರದ ಹಾಗೆ ತೆರೆದಿಟ್ಟಿದ್ದೆ. ತಿಂಗಳ ಡೇಟಾ ಹತ್ತನೇ ತಾರೀಖಿಗೇ ಬತ್ತತೊಡಗಿದಾಗ ಜ್ಞಾನೋದಯವಾಯಿತು. ಒಂದು ಭಾನುವಾರ ಕೂತು ರೂಟರಿನ 'ಅಡ್ಮಿನ್-ಅಡ್ಮಿನ್' ಎಂಬ ಹುಟ್ಟುಹೆಸರು ಅಳಿಸಿದೆ. 2001ರಲ್ಲೇ ಬಣ್ಣ ಬಯಲಾದ ಡಬ್ಲ್ಯುಇಪಿ ಎಂಬ ಹಳೆಯ ವೈಫೈ ಬೀಗಕ್ಕೆ ದೂರದಿಂದಲೇ ಕೈಮುಗಿದು, ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ2 ಹಿಡಿದೆ. ಪಾಸ್‌ವರ್ಡು 8ರಿಂದ 63 ಅಕ್ಷರದವರೆಗೆ ಇರಬಹುದಂತೆ, ಉದ್ದವಾದಷ್ಟೂ ಗಟ್ಟಿ. ಅವತ್ತಿನ ಅಡುಗೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ: ಮಜ್ಜಿಗೆಹುಳಿ. ಬಾಲಕ್ಕೆ ನಾಲ್ಕು ಅಂಕಿ.

ಮರುವಾರ ಶಿವಮೊಗ್ಗದಿಂದ ದೊಡ್ಡಪ್ಪ ಬಂದರು. ನಿವೃತ್ತ ಕನ್ನಡ ಮೇಷ್ಟ್ರು, ಕಿವಿ ಸ್ವಲ್ಪ ಮಂದ.

"ಏನೋ ನಿನ್ನ ಪಾಸ್‌ವರ್ಡು?"

"ಮಜ್ಜಿಗೆಹುಳಿ, ದೊಡ್ಡಪ್ಪ."

"ಊಟ ಆಮೇಲೆ. ಪಾಸ್‌ವರ್ಡು ಹೇಳು."

"ಅದೇ ಪಾಸ್‌ವರ್ಡು!" ಕೂಗಿದೆ. "ಎಮ್ಮು, ಎ, ಜೆ ಎರಡು ಸಲ..."

"ಒತ್ತು ಕೆಳಗೆ ಬರಬೇಕಲ್ಲೋ?"

"ಒತ್ತಿಲ್ಲ, ಪಕ್ಕಪಕ್ಕ!"

ಹೇಗೋ ಹುಳಿಯವರೆಗೆ ಬಂದೆವು. "ಎಚ್, ಯು, ಎಲ್, ಐ."

"ಅದು ಹುಲಿ. ಹುಳಿಗೆ ಳಕಾರ ಎಲ್ಲಿ?"

"ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಎಲ್ಲು, ದೊಡ್ಡಪ್ಪ."

ಮಜ್ಜಿಗೆಯೊಳಗೆ ಹುಲಿ ಬಿದ್ದರೆ ಜೀವಮಾನವಿಡೀ ವ್ಯಾಕರಣ ಕಲಿಸಿದ ಜೀವ ಸುಮ್ಮನಿರುತ್ತದೆಯೇ? ಫೋನು ಕೆಳಗಿಟ್ಟು ಳಕಾರದ ಮೇಲೆ ಹತ್ತು ನಿಮಿಷ ಪಾಠ ಮಾಡಿದರು. ನಾನು ಮತ್ತೆ ಮೊದಲಿಂದ, ಕಿಟಕಿ ಸರಳು ನಡುಗುವ ಹಾಗೆ ಶುರುಮಾಡಿದೆ. ಅಂಕಿಗಳ ಹೊತ್ತಿಗೆ ಉಸಿರು ಕಟ್ಟಿ ನಿಂತೆ. ಆಗ ಮೇಲಿನ ಮಹಡಿಯಿಂದ ಎಳೆಯ ದನಿ ಇಳಿದುಬಂತು:

"ಅಂಕಲ್, ಆಮೇಲೆ ನಾಲ್ಕು, ಏಳು, ಎರಡು, ಒಂಬತ್ತು!"

ಅಂಕಿಗಳನ್ನು ನಾನಿನ್ನೂ ಬಾಯಿಬಿಟ್ಟಿರಲಿಲ್ಲ. ಅಡುಗೆಮನೆ ಕಡೆ ತಿರುಗಿದೆ. "ಪಾಪ, ಮಗುವಿಗೆ ಪರೀಕ್ಷೆಯಂತೆ, ನಾನೇ ಹೇಳಿದೆ" ಎಂದಳು ನನ್ನಾಕೆ, ಒಗ್ಗರಣೆಯಿಂದ ಕಣ್ಣೆತ್ತದೆ.

ರೇಗಿತು. ಡೇಟಾ ಹೋದರೆ ಹೋಗಲಿ, ಯಾರದೋ ತಪ್ಪು ನಮ್ಮ ತಲೆಗೆ ಬಂದರೆ? 2008ರಲ್ಲಿ ಅಹಮದಾಬಾದ್ ಸ್ಫೋಟದ ಹೊಣೆ ಹೊತ್ತ ಇ-ಮೇಲ್ ನವಿ ಮುಂಬಯಿಯ ಯಾರದೋ ಬೀಗವಿಲ್ಲದ ವೈಫೈ ಹಾದು ಹೋಗಿತ್ತು. ಪೊಲೀಸರು ಬಂದು ನಿಂತದ್ದು ಆ ಮನೆ ಬಾಗಿಲಿಗೆ. ಇದನ್ನು ಹೇಳಿದಾಗ ಯಾರೂ ನಗಲಿಲ್ಲ.

ಹೊಸ ಪಾಸ್‌ವರ್ಡನ್ನು ದೊಡ್ಡಪ್ಪನೇ ಆರಿಸಿದರು: ಳಕಾರವಿಲ್ಲದ ಅಡುಗೆ. ಯಾವುದೆಂದು ಹೇಳಲಾರೆ. ಮರೆಯಬಾರದೆಂದು ದಿನಾ ಅದನ್ನೇ ಮಾಡಿಸಿಕೊಳ್ಳುತ್ತಿದ್ದೇನೆ, ಅಷ್ಟೆ. ಘಮ ಮಹಡಿ ಮೆಟ್ಟಿಲು ಹತ್ತತೊಡಗಿದ ಮೇಲೆ ಕಿಟಕಿಯನ್ನೂ ಮುಚ್ಚಿದ್ದೇನೆ.