ರಂಗಸಜ್ಜಿಕೆ: ಬಳಸುವ ಮುನ್ನ ಓದಿರಿ

ಬೇಕಾಗುವ ಸಾಮಾನು: ರೀಪು, ಪ್ಲೈವುಡ್, ಗೋಣಿತಟ್ಟು, ಕಪ್ಪು ಬಟ್ಟೆ, ಮೊಳೆ. ನಿರ್ದೇಶಕರು ಇದರ ಜೊತೆ ಬರುವುದಿಲ್ಲ. ಎಲ್ಲ ಬಡಿದಾದ ಮೇಲೆ ಬಂದು, "ಇಲ್ಲೊಂದು ಮೆಟ್ಟಿಲು ಬೇಕಿತ್ತಲ್ಲ ಮಾರಾಯ್ರೆ" ಎನ್ನುತ್ತಾರೆ.

ಎಚ್ಚರಿಕೆ: ಉಡುಪಿ ಕಡೆಯ ಪ್ರೇಕ್ಷಕರ ಮೇಲೆ ಈ ಸಾಮಾನು ಅಷ್ಟಾಗಿ ನಾಟದು. ಅವರು ಬಯಲಾಟ ನೋಡಿ ಬೆಳೆದವರು. ನಾಲ್ಕು ಕಂಬ, ಮಾವಿನೆಲೆಯ ತೋರಣ, ಬಟ್ಟೆ ಹೊದೆಸಿದ ಒಂದು ಪೀಠ. ಆ ಪೀಠಕ್ಕೆ ರಥವೆಂದು ಹೆಸರು. ದೇವೇಂದ್ರ ಕುಳಿತರೆ ಅದೇ ಸಿಂಹಾಸನ. ಇಬ್ಬರು ಹಿಡಿದ ತೆರೆಯ ಹಿಂದೆ ಕಿರೀಟದ ತುದಿ ಅಲ್ಲಾಡಿದರೆ ಸಾಕು, ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ವೇಷಧಾರಿ ಒಂದು ಸುತ್ತು ಹಾಕಿದನೆಂದರೆ ಹಸ್ತಿನಾವತಿ ಮುಗಿದು ದ್ವಾರಕೆ ಬಂತು. ಇಂಥವರೆದುರು ನೀವು ದ್ವಾರಕೆಯನ್ನು ಕಟ್ಟಿಟ್ಟರೆ ಅವರಿಗೆ ಕಾಣುವುದು ಪ್ಲೈವುಡ್ಡೇ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ತಂದಿದ್ದರಲ್ಲ ಎನ್ನಬೇಡಿ. ಮೊದಲು ನಿಮ್ಮ ಖಜಾಂಚಿಯ ಮುಖ ನೋಡಿ.

ಅಳತೆ: ರಂಗದ್ದಲ್ಲ, ಟೆಂಪೋದ್ದು. ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಸ್ಪರ್ಧೆಯೆಂದರೆ ಮರುದಿನ ಇನ್ನೊಂದು ತಂಡದ ಸರದಿ. ಕಟ್ಟಿದ ಅರಮನೆಯನ್ನು ಅದೇ ರಾತ್ರಿ ಬಿಚ್ಚಿ ಟೆಂಪೋಗೆ ಹೇರಬೇಕು. ಕಾರ್ಕಳದಲ್ಲಿ 1432ರಲ್ಲಿ 42 ಅಡಿಯ ಗೊಮ್ಮಟನನ್ನು ಬೆಟ್ಟದ ಮೇಲೆ ನಿಲ್ಲಿಸಿದವರಿಗೆ ಟೆಂಪೋದ ಚಿಂತೆ ಇರಲಿಲ್ಲ, ಬಿಚ್ಚುವ ಚಿಂತೆಯೂ ಇರಲಿಲ್ಲ. ಬಿಚ್ಚಿ ಜೋಡಿಸುವ ವಿದ್ಯೆ ನೋಡಬೇಕೆಂದರೆ ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಹಾಗೆ ತಂದು ನಿಲ್ಲಿಸಿದ್ದಾರೆ. ನೋಡಿ ಬನ್ನಿ, ನಾಟಕಕ್ಕೆ ಎರಡು ಕಂಬ ಕೊಡಿ ಎಂದು ಕೇಳಬೇಡಿ.

ಬಣ್ಣ: ಎನಾಮಲ್ ಬಳಿಯಬೇಡಿ. ದೀಪ ಬಿದ್ದರೆ ಹೊಳೆದು ನಟನ ಮುಖವನ್ನು ನುಂಗುತ್ತದೆ. ಡಿಸ್ಟೆಂಪರ್ ಸಾಕು.

ಭಾರ ಪರೀಕ್ಷೆ: ಅಟ್ಟಣಿಗೆಯ ಮೇಲೆ ಭೀಮನ ಪಾತ್ರಧಾರಿಯನ್ನು ಕುಣಿಸಿ ನೋಡಿ. ನಕುಲ ಹತ್ತಿದರೆ ಏನೂ ತಿಳಿಯದು.

ಕಾಪುವಿನಲ್ಲಿ, ಅದೂ ಬಯಲಲ್ಲಿ ಪ್ರದರ್ಶನವಾದರೆ ಸೀನರಿಗೆ ಹಿಂದಿನಿಂದ ಊರುಗೋಲು ಕೊಟ್ಟು ಮರಳಿನ ಚೀಲ ಹೇರಿ. ಕಡಲಗಾಳಿ ಎದ್ದರೆ ಅದು ದೋಣಿಯ ಹಾಯಿ. ಚೀಲ ಸಾಲದಿದ್ದರೆ ಮರದ ಪಾತ್ರ ಕೊಡಿ ಎಂದು ತಿಂಗಳಿಂದ ಕೇಳುತ್ತಿರುವ ಹುಡುಗನನ್ನು ಹಿಂದೆ ನಿಲ್ಲಿಸಿ, ಹಿಡಿದುಕೊಳ್ಳಲಿ.

ನಾಟಕ ಮುಗಿದ ಬಳಿಕ: ಮೊಳೆಗಳನ್ನು ಕಿತ್ತು ನೆಟ್ಟಗೆ ಮಾಡಿ ಡಬ್ಬಕ್ಕೆ ಹಾಕಿ. ಮುರಿದ ರೀಪು ಬಚ್ಚಲಿನ ಒಲೆಗೆ. ಹಿನ್ನೆಲೆಯ ಫ್ಲೆಕ್ಸನ್ನು ಎಸೆಯಬೇಡಿ, ಮಳೆಗಾಲದಲ್ಲಿ ಸೌದೆ ಮುಚ್ಚಲು ಬೇಕು. ಚಿತ್ರ ಒಳಮುಖವಾಗಿರಲಿ, ಇಲ್ಲವಾದರೆ ದಾರಿಹೋಕರು ಮುಂದಿನ ಪ್ರದರ್ಶನ ಯಾವಾಗ ಎಂದು ಕೇಳುತ್ತಾರೆ.