ಸಿಗಲಿಲ್ಲ, ಆದ್ದರಿಂದ ನಡೆದಿಲ್ಲ

ಇತಿಹಾಸ ಸಂಶೋಧನೆಯ ಕಷ್ಟಕಾಲ ಮುಗಿಯಿತು. ಧೂಳು ಕುಡಿದು, ಸೀನಿ, ಅಟೆಂಡರಿಗೆ ಕಾಫಿ ಕೊಡಿಸಿ, ಬೈಂಡು ಕಿತ್ತ ಸಂಪುಟಗಳ ಮುಂದೆ ದಿನವಿಡೀ ಕೂರುತ್ತಿದ್ದ ತಲೆಮಾರು ಈಗ ಪಿಂಚಣಿಗಾಗಿ ಬದುಕಿರುವ ಪ್ರಮಾಣಪತ್ರ ಹಿಡಿದು ಬ್ಯಾಂಕಿನ ಸರತಿಯಲ್ಲಿದೆ. ಇಂದಿನ ಸಂಶೋಧಕ ಮಹಾಶಯರು ಹಾಸಿಗೆ ಬಿಟ್ಟೇಳದೆ ಹತ್ತೊಂಬತ್ತನೇ ಶತಮಾನವನ್ನು ಜಾಲಾಡುತ್ತಾರೆ. ಡಿಜಿಟಲ್ ಪತ್ರಿಕಾಗಾರದ ಹುಡುಕು ಚೌಕದಲ್ಲಿ ಒಂದು ಪದ ಹೊಡೆದರೆ ಮುಗಿಯಿತು. ಏನಾದರೂ ಸಿಕ್ಕರೆ ಒಂದು ಅಧ್ಯಾಯ. ಸಿಗದಿದ್ದರೆ ಇನ್ನೂ ದೊಡ್ಡ ಅಧ್ಯಾಯ: ‘ಸಮಕಾಲೀನ ಪತ್ರಿಕೆಗಳು ಈ ವಿಷಯದಲ್ಲಿ ಸಂಪೂರ್ಣ ಮೌನ ತಾಳಿದ್ದವು.’

ಪತ್ರಿಕೆಗಳು ಮೌನ ತಾಳಿದ್ದವೋ, ಯಂತ್ರಕ್ಕೆ ಓದಲು ಬರಲಿಲ್ಲವೋ ಎಂದು ವೈವಾದಲ್ಲಿ ಯಾರೂ ಕೇಳುವುದಿಲ್ಲ. ಕೇಳುವವರ ಪ್ರಬಂಧವೂ ಹಾಗೇ ಆದದ್ದಿರಬಹುದು.

ಟಿಪ್ಪುವಿನ ಕಾಲದ ಲಂಡನ್ ಪತ್ರಿಕೆಗಳನ್ನೇ ನೋಡಿ. ಆಗಿನ ಇಂಗ್ಲಿಷ್ ಅಚ್ಚಿನಲ್ಲಿ ಪದದ ನಡುವೆ ಬರುವ ‘ಎಸ್’ ಅಕ್ಷರವನ್ನು ಉದ್ದಕ್ಕೆ ಎಳೆಯುವ ರೂಢಿಯಿತ್ತು. ಅದು ಹೆಚ್ಚುಕಡಿಮೆ ‘ಎಫ್’ ಆಗಿಯೇ ಕಾಣುತ್ತದೆ. ಮನುಷ್ಯರ ಕಣ್ಣಿಗೆ ನಾಲ್ಕು ಸಾಲಿನಲ್ಲಿ ಅಭ್ಯಾಸವಾಗುವ ಸಂಗತಿ. ಅಕ್ಷರ ಗುರುತಿಸುವ ತಂತ್ರಾಂಶವೋ, ಇಡೀ ಮೈಸೂರು ರಾಜ್ಯವನ್ನು ‘ಮೈಫೋರ್’ ಎಂದು ಓದಿ ಶ್ರದ್ಧೆಯಿಂದ ಸೂಚಿಗೆ ಸೇರಿಸಿಬಿಡುತ್ತದೆ. ಟಿಪ್ಪುವಿನ ಹೆಸರನ್ನೂ ಆ ಸಂಪಾದಕರು ನಮ್ಮ ಇಂದಿನ ಕಾಗುಣಿತದಲ್ಲಿ ಬರೆಯುವ ಸೌಜನ್ಯ ತೋರಲಿಲ್ಲ; ತಲೆಗೊಂದು ಸ್ಪೆಲಿಂಗು. ‘ಮೈಫೋರ್’ ಎಂದು ಹುಡುಕಲು ಹೊಳೆಯದವರ ಪ್ರಬಂಧದಲ್ಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದು ಲಂಡನ್ನಿಗೆ ಗೊತ್ತೇ ಆಗಿರುವುದಿಲ್ಲ. ಹಟ ಬಿಡದೆ ಊರಿನ ಹೆಸರಿನಿಂದಲೇ ಹುಡುಕಿದವರಿಗೆ ಅದೇ ಹೆಸರಿನ ಯುದ್ಧನೌಕೆ ಸಿಗುತ್ತದೆ. 1819ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಹಡಗು ಅದು. ಕಾವೇರಿಯಲ್ಲಿ ನೌಕಾಪಡೆ ಇತ್ತೆಂಬ ಲೇಖನವನ್ನು ಇನ್ನೂ ಯಾರೂ ಬರೆದಿಲ್ಲದಿದ್ದರೆ, ವಿಷಯ ಖಾಲಿ ಇದೆ.

ನೂರು ವರ್ಷ ಈಚೆಗೆ ಬಂದರೆ ಅಚ್ಚು ಶುಭ್ರ, ಫಲಿತಾಂಶ ರಾಶಿ ರಾಶಿ. ಬ್ರಿಟನ್ನಿನ ಯಾವ ಪತ್ರಿಕೆಯಲ್ಲಿ ನೋಡಿದರೂ ಮೈಸೂರು! ಪುಟ ತೆರೆದರೆ ಷೇರುಪೇಟೆಯ ಪಟ್ಟಿ: ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ. ಎಲ್ಲವೂ ಕೋಲಾರದ ಚಿನ್ನದ ಗಣಿ ಕಂಪನಿಗಳು. ಪುಟ ತೆರೆಯುವ ದುರಭ್ಯಾಸ ಇಲ್ಲದ ಮಹಾಶಯರು ಬರೀ ಸಂಖ್ಯೆ ಎಣಿಸಿ, ಬ್ರಿಟಿಷರಿಗೆ ನಮ್ಮ ಸಂಸ್ಥಾನದ ಮೇಲೆ ವಿಶೇಷ ಮಮತೆ ಇತ್ತು ಎಂದು ತೀರ್ಮಾನಿಸುತ್ತಾರೆ. ಇಡೀ ಪ್ರಬಂಧದಲ್ಲಿ ಅದೊಂದೇ ಆಕಸ್ಮಿಕವಾಗಿ ನಿಜವಾದ ಮಾತು.

ಕನ್ನಡದ ಕಡೆ ತಿರುಗಿದರೆ ಕಥೆ ಇನ್ನೂ ರಸವತ್ತಾಗಿದೆ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ ಎಂದು ನಾವು ವರ್ಷಾವರ್ಷ ಪತ್ರಿಕಾ ದಿನ ಮಾಡಿ ಶಾಲು ಹೊದಿಸುತ್ತೇವೆ. ಪತ್ರಿಕೆ ಕಲ್ಲಚ್ಚಿನದು, ಅಂದರೆ ಕೈಬರಹದ ಪಡಿಯಚ್ಚು. ಮೊಳೆಯಚ್ಚು ಓದಲು ಪಳಗಿದ ತಂತ್ರಾಂಶದ ಮುಂದೆ ಇಟ್ಟರೆ ಕನ್ನಡದ ಮೊದಲ ಪತ್ರಿಕೆ ಕನ್ನಡದಲ್ಲೇ ಇಲ್ಲ. ಮೊಳೆಯಚ್ಚಿನ ಪತ್ರಿಕೆಗಳಾದರೂ ಬಚಾವಾದವೇ? ‘ಪ’ದ ಹೊಟ್ಟೆಗೆ ಮಸಿ ಚಿಮ್ಮಿದರೆ ‘ಷ’, ‘ಧ’ದ ಸೀಳು ಅಳಿಸಿದರೆ ‘ದ’. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದು ಅಲ್ಲಿಯವರ ಜೊತೆ ಸಂಸಾರ ಹೂಡುತ್ತದೆ. ಅನುಸ್ವಾರವೂ ಕನ್ನಡದ ಸೊನ್ನೆಯೂ ಕಣ್ಣಿಗೆ ಅವಳಿಜವಳಿ, ಕಂಪ್ಯೂಟರಿಗೆ ಪರಸ್ಪರ ಪರಿಚಯವೇ ಇಲ್ಲದವರು. ಪದ ಪರದೆಯ ಮೇಲೆ ಕಣ್ಣೆದುರೇ ಕೂತಿರುತ್ತದೆ, ಹುಡುಕಿದರೆ ‘ಯಾವುದೇ ಫಲಿತಾಂಶವಿಲ್ಲ’. ಕಾಲಮ್ಮಿನ ಗಡಿ ತಪ್ಪಿದರಂತೂ ಕೇಳಲೇಬೇಡಿ. ಎಡಗಡೆಯ ಶ್ರದ್ಧಾಂಜಲಿ ಬಲಗಡೆಯ ಧಾತುಪುಷ್ಟಿ ಲೇಹ್ಯದ ಜಾಹೀರಾತಿಗೆ ಸಾಲು ಸಾಲಾಗಿ ಬೆಸೆದುಕೊಂಡು, ದಿವಂಗತರು ಎರಡೇ ಚಮಚೆಯಲ್ಲಿ ನವಯೌವನ ಪಡೆಯುತ್ತಾರೆ.

ಇಷ್ಟು ಹಳೆಯದಕ್ಕೆ ಕಲ್ಲನ್ನೋ ಮಸಿಯನ್ನೋ ದೂರಬಹುದು. ಮೊನ್ನೆ ಮೊನ್ನೆ ಕಂಪ್ಯೂಟರಿನ ಹೊಟ್ಟೆಯಲ್ಲೇ ಹುಟ್ಟಿದ ಪುಟಗಳಿಗೆ ಏನು ಹೇಳೋಣ? ಯೂನಿಕೋಡ್ ಬರುವ ಮುಂಚೆ, ಬಂದ ಮೇಲೂ ಬಹಳ ಕಾಲ, ನಮ್ಮ ಅಚ್ಚುಮನೆಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸುವ ಫಾಂಟುಗಳಲ್ಲೇ ಪುಟ ಕಟ್ಟಿದವು. ಪಿಡಿಎಫ್ ನೋಡಲು ಅಚ್ಚ ಕನ್ನಡ. ಒಂದು ಸಾಲು ನಕಲಿಸಿ ಅಂಟಿಸಿದರೆ ಯಾವ ದೇಶದ್ದೂ ಅಲ್ಲದ ಭಾಷೆ. ಹೀಗಾಗಿ ನಮ್ಮ ಸಂಶೋಧಕರು ಕನ್ನಡ ನಾಡಿನ ರೈತರ ಗೋಳನ್ನು ಮುಂಬಯಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ, ಕನ್ನಡಕ್ಕೆ ಅನುವಾದಿಸಿ, ‘ದೇಶೀ ದೃಷ್ಟಿಕೋನ’ ಎಂದು ಹೆಸರಿಡುತ್ತಾರೆ.

ಎಲ್ಲಕ್ಕಿಂತ ಭಯಂಕರ ಪ್ರಾಣಿ ಗ್ರಾಫು. ಒಂದು ಪದ ಯಾವ ವರ್ಷ ಎಷ್ಟು ಸಲ ಬಂದಿದೆ ಎಂದು ಯಂತ್ರವೇ ಗೆರೆ ಎಳೆದು ಕೊಡುತ್ತದೆ. ಮೈಸೂರು ಸಂಸ್ಥಾನದ ಪತ್ರಿಕೆಗಳಲ್ಲಿ ಸರ್ಕಾರದ ಟೀಕೆ 1908ರ ನಂತರ ತಗ್ಗಿದಂತೆ ಗೆರೆ ಇಳಿಯಿತು ಎನ್ನಿ. ಮಹಾಶಯರು ಬರೆಯುತ್ತಾರೆ: ‘ಈ ಅವಧಿಯಲ್ಲಿ ಪ್ರಜೆಗಳ ಅಸಮಾಧಾನ ಗಣನೀಯವಾಗಿ ಕಡಿಮೆಯಾಯಿತು.’ ದಿವಾನ್ ವಿ.ಪಿ. ಮಾಧವರಾಯರ ಸರ್ಕಾರ ಆ ವರ್ಷ ಪತ್ರಿಕೆಗಳ ಕತ್ತಿಗೆ ಕಾನೂನಿನ ಕುಣಿಕೆ ಹಾಕಿದ್ದು, ಅದನ್ನು ಪ್ರತಿಭಟಿಸಿ ತಾತಯ್ಯನವರಂಥ ಸಂಪಾದಕರು ಪತ್ರಿಕೆಯನ್ನೇ ನಿಲ್ಲಿಸಿದ್ದು ಗ್ರಾಫಿಗೆ ಹೇಗೆ ಗೊತ್ತಾಗಬೇಕು? ಬಾಯಿ ಹೊಲಿದವರನ್ನು ತೃಪ್ತರ ಲೆಕ್ಕಕ್ಕೆ ಸೇರಿಸುವ ಈ ಜಾಣತನವನ್ನು ಹಿಂದೆ ದಿವಾನರ ಕಚೇರಿ ಮಾತ್ರ ಮಾಡುತ್ತಿತ್ತು. ಈಗ ಅದಕ್ಕೆ ಫೆಲೋಶಿಪ್ ಸಿಗುತ್ತದೆ. 1975ರ ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ತುರ್ತುಪರಿಸ್ಥಿತಿಯ ಸೆನ್ಸಾರಿಗೆ ಉತ್ತರವಾಗಿ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ತಂತ್ರಾಂಶದ ಮಟ್ಟಿಗೆ ಅಲ್ಲಿರುವುದು ಸೊನ್ನೆ ಪದ. ಸ್ಕ್ಯಾನ್ ಸರಿಯಾಗಿಲ್ಲ ಎಂದು ವಾಪಸು ಕಳಿಸದಿದ್ದರೆ ನಮ್ಮ ಪುಣ್ಯ.

ಅಡಿಟಿಪ್ಪಣಿಗಳಲ್ಲಿ ಈ ಯಂತ್ರದ ಹುಡುಕಾಟದ ಸುಳಿವೂ ಸಿಗುವುದಿಲ್ಲ. ಅಲ್ಲಿ ಪತ್ರಿಕೆಯ ಹೆಸರು, ತಾರೀಖು, ಪುಟ, ಕಾಲಂ ಎಲ್ಲವೂ ಗಂಭೀರವಾಗಿರುತ್ತವೆ. ಓದಿದವರಿಗೆ ಈತ ಸಂಪುಟಗಳ ನಡುವೆ ಕಣ್ಣು ಕಳಕೊಂಡ ಜೀವ ಎನ್ನಿಸಬೇಕು. ಉಚಿತ ಪ್ರಯೋಗದ ಅವಧಿ ಮುಗಿಯುವ ಮುನ್ನ ಸಾಮ್ರಾಜ್ಯವೊಂದರ ಅವನತಿಯನ್ನು ಬರೆದು ಮುಗಿಸಿದ್ದು ಯಾರಿಗೂ ತಿಳಿಯಬಾರದು. ಕೃತಿಚೌರ್ಯ ಪತ್ತೆ ತಂತ್ರಾಂಶದ ಭಯವೂ ಇಲ್ಲ. ಯಂತ್ರ ತಪ್ಪಾಗಿ ಓದಿದ್ದನ್ನು ಹಾಗೇ ಎತ್ತಿ ಅಂಟಿಸಿದರೆ, ಅಂಥ ವಾಕ್ಯವನ್ನು ಜಗತ್ತಿನಲ್ಲಿ ಹಿಂದೆ ಯಾರೂ ಬರೆದಿರುವುದಿಲ್ಲ. ಶುದ್ಧ ಸ್ವೋಪಜ್ಞ ಕೃತಿ!

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ನಲ್ಲಿ ಯಂತ್ರ ತಪ್ಪಾಗಿ ಓದಿದ ಸಾಲುಗಳನ್ನು ಜನಸಾಮಾನ್ಯರೇ ಕೂತು ತಿದ್ದುತ್ತಾರೆ, ಅದೂ ಪುಕ್ಕಟೆ. ಸನ್ಮಾನವಿಲ್ಲ, ಫಲತಾಂಬೂಲವಿಲ್ಲ, ಅಧ್ಯಕ್ಷ ಭಾಷಣವಿಲ್ಲ. ಇಂಥ ನೀರಸ ಕೆಲಸ ನಮಗೆ ಒಗ್ಗುವುದಿಲ್ಲ. ನಾವು ಉದ್ಘಾಟನೆಯಲ್ಲಿ ಬಲಶಾಲಿಗಳು. ಗುಂಡಿ ಒತ್ತಿ ಪತ್ರಿಕಾಗಾರವನ್ನು ಲೋಕಾರ್ಪಣೆ ಮಾಡಿದ ಫೋಟೋ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆ ಪತ್ರಿಕೆಯನ್ನು ಡಿಜಿಟಲ್ ಮಾಡಲು ಮುಂದಿನ ಬಜೆಟ್ಟಿನಲ್ಲಿ ಹಣ ಕೇಳಬಹುದು.

ಡಿಜಿಟಲ್ ಆಯಿತೆಂದ ಮೇಲೆ ಮೂಲ ಪ್ರತಿ ಯಾಕೆ ಬೇಕು ಎಂಬ ಪ್ರಶ್ನೆ ಆಡಳಿತ ವರ್ಗದಲ್ಲಿ ತಾನಾಗಿಯೇ ಏಳುತ್ತದೆ. ಮೈಕ್ರೋಫಿಲ್ಮ್ ಕಾಲದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲೂ ಇದೇ ಎದ್ದಿತ್ತು. ಹೀಗೆ ಹೊರಬೀಳಲಿದ್ದ ಅಮೆರಿಕದ ಪತ್ರಿಕೆಗಳ ಸಂಪುಟಗಳನ್ನು 1999ರಲ್ಲಿ ಬ್ರಿಟಿಷ್ ಲೈಬ್ರರಿಯಿಂದ ಕೊಂಡು ಗೋದಾಮಿನಲ್ಲಿ ಕಾಪಾಡಲು ಕಾದಂಬರಿಕಾರ ನಿಕಲ್ಸನ್ ಬೇಕರ್ ಸ್ವಂತ ಉಳಿತಾಯವನ್ನೂ ಸುರಿಯಬೇಕಾಯಿತು. ನಮ್ಮಲ್ಲಿ ಅಂಥ ಹುಚ್ಚರು ಕಮ್ಮಿ. ‘ಜಾಗ ತೆರವು’ ಎಂಬ ಕಡತಕ್ಕೆ ಸಹಿ ಬಿದ್ದರೆ ತಕ್ಕಡಿ ಬರುತ್ತದೆ. ತಕ್ಕಡಿಯವನು ಒಂದು ಹಾಳೆ ಎತ್ತಿ, ಬೆಳಕಿಗೆ ಹಿಡಿದು, ತಲೆಬರಹ ಓದಿ, ಪಕ್ಕದ ಜಾಹೀರಾತನ್ನೂ ಓದಿ, ಕೊನೆಗೆ ಹೇಳುತ್ತಾನೆ: ‘ತುಂಬಾ ಹಳೇದು ಸಾರ್. ಮಡಿಚಿದ್ರೆ ಪುಡಿಯಾಗುತ್ತೆ, ಪೊಟ್ಟಣಕ್ಕೂ ಬರಲ್ಲ. ಕೆಜಿಗೆ ಎರಡು ರೂಪಾಯಿ ಕಮ್ಮಿ ಮಾಡ್ಕೊಳ್ಳಿ.’